ತೂಕ ಮೊದಲೋ, ಆಪರೇಷನ್ ಮೊದಲೋ? ಮೂತ್ರ ಸೋರಿಕೆಗೆ ಇರುವ ದಾರಿಗಳು

ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ, ತುಂಬಿದ ಕೊಡ ಎತ್ತಿದರೆ ಒಳಉಡುಪು ಒದ್ದೆ. ಬಸ್ಸು ಹತ್ತುವ ಮುಂಚೆ ನೀರು ಕುಡಿಯಲು ಹೆದರಿಕೆ. ಮದುವೆ ಮನೆಗೆ ಹೋದರೂ ಕಣ್ಣು ಮೊದಲು ಹುಡುಕುವುದು ಬಚ್ಚಲನ್ನು. ಹೀಗೆ ಬದುಕುತ್ತಿರುವ ಹೆಂಗಸರು ನಮ್ಮ ನಡುವೆ ಬಹಳ ಇದ್ದಾರೆ, ಹೇಳಿಕೊಳ್ಳುವವರು ಕಡಿಮೆ. ಧೈರ್ಯ ಮಾಡಿ ಡಾಕ್ಟರ ಹತ್ತಿರ ಹೋದರೂ, ಮೈ ದಪ್ಪವಿದ್ದವರಿಗೆ ಅನೇಕ ಸಲ ಒಂದೇ ಉತ್ತರ ಸಿಗುತ್ತದೆ: "ತೂಕ ಇಳಿಸಿಕೊಂಡು ಬನ್ನಿ."

ಈ ಮಾತು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ತೂಕ ಇಳಿದರೆ ಸೋರಿಕೆ ಕಡಿಮೆಯಾಗುತ್ತದೆ, ಅದಕ್ಕೆ ಒಳ್ಳೆಯ ಪುರಾವೆ ಇದೆ. ಹಾಗೆಯೇ ತೂಕ ಹೆಚ್ಚಿರುವವರಿಗೂ ಆಪರೇಷನ್ ಮಾಡಬಹುದು, ಅದು ಫಲ ಕೊಡುತ್ತದೆ ಎಂಬುದಕ್ಕೂ ಪುರಾವೆ ಇದೆ. ಯಾವುದು ಮೊದಲು, ಯಾರಿಗೆ ಎಂಬುದನ್ನು ಕೂತು ಲೆಕ್ಕ ಹಾಕಬೇಕು. ಲೆಕ್ಕ ಹಾಕದೆ, ಎಷ್ಟು ಕಿಲೋ, ಎಷ್ಟು ತಿಂಗಳಲ್ಲಿ, ಇಳಿಯದಿದ್ದರೆ ಮುಂದೇನು ಎಂದು ಹೇಳದೆ ಕಳಿಸಿದರೆ ಅದನ್ನು ಚಿಕಿತ್ಸೆ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಮೊದಲು ನಿಮ್ಮದು ಯಾವ ಬಗೆಯ ಸೋರಿಕೆ ಎಂದು ತಿಳಿದುಕೊಳ್ಳಿ. ಮುಖ್ಯವಾಗಿ ಎರಡು ಬಗೆ. ಹೊಟ್ಟೆಯ ಮೇಲೆ ಒತ್ತಡ ಬಿದ್ದ ಕ್ಷಣದಲ್ಲೇ, ಅಂದರೆ ಕೆಮ್ಮು, ಸೀನು, ಭಾರ ಎತ್ತುವಿಕೆಯ ಹೊತ್ತಿಗೆ ಸೋರಿದರೆ ಅದು ಸ್ಟ್ರೆಸ್ ಇನ್‌ಕಾಂಟಿನೆನ್ಸ್. ಇಲ್ಲಿ ಸ್ಟ್ರೆಸ್ ಎಂದರೆ ಮನಸ್ಸಿನ ಒತ್ತಡವಲ್ಲ, ಹೊಟ್ಟೆಯೊಳಗಿನ ಒತ್ತಡ. ಇನ್ನೊಂದರಲ್ಲಿ ಇದ್ದಕ್ಕಿದ್ದಂತೆ ತಡೆಯಲಾಗದ ಅವಸರ ಬರುತ್ತದೆ, ಬಚ್ಚಲು ಮುಟ್ಟುವಷ್ಟರಲ್ಲಿ ಸೋರಿರುತ್ತದೆ. ಅದು ಅರ್ಜ್ ಇನ್‌ಕಾಂಟಿನೆನ್ಸ್. ಮೂತ್ರಕೋಶದ ಸ್ನಾಯು ಹೇಳದೆ ಕೇಳದೆ ಹಿಂಡಿಕೊಳ್ಳುವುದರಿಂದ ಹೀಗಾಗುತ್ತದೆ. ಎರಡೂ ಒಟ್ಟಿಗೆ ಇರುವವರೂ ಉಂಟು. ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಮುಂದೆ ಹೇಳುವ ಟೇಪ್ ಆಪರೇಷನ್ ಇರುವುದು ಮೊದಲನೆಯ ಬಗೆಗೆ ಮಾತ್ರ. ಎರಡನೆಯದಕ್ಕೆ ಮೂತ್ರಕೋಶದ ತರಬೇತಿ, ಮಾತ್ರೆ, ಅದಕ್ಕೂ ಬಗ್ಗದಿದ್ದರೆ ಮೂತ್ರಕೋಶದ ಗೋಡೆಗೆ ಬೊಟಾಕ್ಸ್ ಇಂಜೆಕ್ಷನ್ ಇವೆ. ಅವಸರದ ಸೋರಿಕೆಗೆ ಟೇಪ್ ಹಾಕಿಸಿಕೊಂಡರೆ ದುಡ್ಡೂ ಹೋಯಿತು, ಸೋರಿಕೆಯೂ ಉಳಿಯಿತು.

ದಪ್ಪಕ್ಕೂ ಮೂತ್ರಕ್ಕೂ ಏನು ಸಂಬಂಧ ಎಂದು ಕೇಳಬಹುದು. ಮೂತ್ರಕೋಶದಿಂದ ಹೊರಗೆ ಬರುವ ನಾಳವನ್ನು ವೈದ್ಯರು ಯುರೆಥ್ರಾ ಎನ್ನುತ್ತಾರೆ. ಹೆಂಗಸರಲ್ಲಿ ಇದು ನಾಲ್ಕು ಸೆಂಟಿಮೀಟರ್‌ನಷ್ಟು ಉದ್ದ, ಯೋನಿಯ ಮುಂಭಾಗದ ಗೋಡೆಯ ಮೇಲೆ ಒರಗಿಕೊಂಡಿರುತ್ತದೆ. ಅಮೆರಿಕದ ವೈದ್ಯ ಡಿಲಾನ್ಸಿ 1994ರಲ್ಲಿ ಕೊಟ್ಟ ವಿವರಣೆಯನ್ನು ಈಗಲೂ ಎಲ್ಲರೂ ಬಳಸುತ್ತಾರೆ. ತೋಟಕ್ಕೆ ನೀರು ಬಿಡುವ ಪೈಪ್ ಗಟ್ಟಿ ನೆಲದ ಮೇಲಿದ್ದು ನೀವು ಕಾಲಿಟ್ಟರೆ ನೀರು ನಿಲ್ಲುತ್ತದೆ. ಅದೇ ಪೈಪ್ ಕೆಸರಿನ ಮೇಲಿದ್ದರೆ ಕಾಲಿಟ್ಟಾಗ ಪೈಪ್ ಒಳಗೆ ಹುದುಗುತ್ತದೆ, ನೀರು ಹರಿಯುತ್ತಲೇ ಇರುತ್ತದೆ. ಕೆಮ್ಮಿದಾಗ ಮೇಲಿಂದ ಬೀಳುವ ಒತ್ತಡ ಆ ಕಾಲು. ಪೆಲ್ವಿಕ್ ಫ್ಲೋರ್, ಅಂದರೆ ಕಿಬ್ಬೊಟ್ಟೆಯ ತಳದ ಸ್ನಾಯು ಮತ್ತು ಅದರ ಪದರಗಳು, ಆ ನೆಲ. ಹೆರಿಗೆಗಳಿಂದ, ವಯಸ್ಸಿನಿಂದ, ವರ್ಷಗಟ್ಟಲೆಯ ಕೆಮ್ಮು ಮತ್ತು ಮಲಬದ್ಧತೆಯಿಂದ ಆ ನೆಲ ಸಡಿಲವಾಗುತ್ತದೆ. ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚಿದ್ದಾಗ ಕೆಮ್ಮದೆ ಸುಮ್ಮನೆ ಕುಳಿತಿದ್ದರೂ ಹೊಟ್ಟೆಯೊಳಗಿನ ಒತ್ತಡ ಹೆಚ್ಚೇ ಇರುತ್ತದೆ. ಹಗಲೆಲ್ಲ ಆ ಭಾರ ತಳದ ಮೇಲೆ ಕೂತಿರುತ್ತದೆ.

ತೂಕ ಹೆಚ್ಚಿರುವುದು ಯಾರೋ ಕೆಲವರ ಸಮಸ್ಯೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 30ರಷ್ಟು ಹೆಂಗಸರ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚು. ಬಿಎಂಐ ಲೆಕ್ಕ ಸುಲಭ. ತೂಕವನ್ನು ಕಿಲೋದಲ್ಲಿ ಬರೆದುಕೊಳ್ಳಿ, ಎತ್ತರವನ್ನು ಮೀಟರಿನಲ್ಲಿ ಹಿಡಿದು ಅದನ್ನು ಅದರಿಂದಲೇ ಗುಣಿಸಿ, ಬಂದ ಸಂಖ್ಯೆಯಿಂದ ತೂಕವನ್ನು ಭಾಗಿಸಿ. 155 ಸೆಂಟಿಮೀಟರ್ ಎತ್ತರ, 90 ಕಿಲೋ ತೂಕ ಇರುವವರ ಬಿಎಂಐ 37.5 ಆಗುತ್ತದೆ.

ಡಾಕ್ಟರ ಹತ್ತಿರ ಹೋಗುವ ಮುಂಚೆ ಮನೆಯಲ್ಲೇ ಮಾಡಬಹುದಾದ ಒಂದು ಕೆಲಸವಿದೆ. ಮೂರು ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಎಷ್ಟು ನೀರು, ಕಾಫಿ, ಟೀ ಕುಡಿದಿರಿ, ಎಷ್ಟು ಸಲ ಒಂದಕ್ಕೆ ಹೋದಿರಿ, ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದಿರಿ. ಇದಕ್ಕೆ ಬ್ಲ್ಯಾಡರ್ ಡೈರಿ ಎನ್ನುತ್ತಾರೆ. ಎಷ್ಟೋ ಸ್ಕ್ಯಾನ್‌ಗಳಿಗಿಂತ ಈ ಮೂರು ಪುಟ ಹೆಚ್ಚು ಹೇಳುತ್ತವೆ. ಜೊತೆಗೆ ನೀವು ನುಂಗುವ ಎಲ್ಲ ಮಾತ್ರೆಗಳ ಚೀಟಿ ಇರಲಿ. ಬಿಪಿಗೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆ, ಸಕ್ಕರೆ ಕಾಯಿಲೆಗೆ ಈಗ ಬಹಳ ಕಡೆ ಬರೆದುಕೊಡುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತರಹದವು ಮೂತ್ರದ ಪ್ರಮಾಣವನ್ನೇ ಏರಿಸುತ್ತವೆ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ತೋರಿಸಿ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೂ ಮೂತ್ರ ಹೆಚ್ಚು, ಸೋರಿಕೆಯೂ ಹೆಚ್ಚು.

ಆಸ್ಪತ್ರೆಯಲ್ಲಿ ಮೂತ್ರದ ಪರೀಕ್ಷೆ ಮಾಡಿ ಸೋಂಕು ಇದೆಯೇ ನೋಡುತ್ತಾರೆ. ಗರ್ಭಕೋಶ ಜಾರಿದೆಯೇ ಎಂದು ಒಳಪರೀಕ್ಷೆ ಮಾಡುತ್ತಾರೆ. ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂದು ಸ್ಕ್ಯಾನ್‌ನಲ್ಲಿ ಅಳೆಯುತ್ತಾರೆ. ಕೆಮ್ಮಲು ಹೇಳಿ ಸೋರಿಕೆಯನ್ನು ಕಣ್ಣಾರೆ ನೋಡುತ್ತಾರೆ. ನಾಚಿಕೆಯಾಗುವುದು ಸಹಜ, ಆದರೆ ಅವರಿಗೆ ಇದು ದಿನನಿತ್ಯದ ಕೆಲಸ. ಯೂರೋಡೈನಾಮಿಕ್ಸ್ ಎಂಬ ಇನ್ನೊಂದು ಪರೀಕ್ಷೆ ಇದೆ. ಸಣ್ಣ ನಳಿಕೆ ಹಾಕಿ ಮೂತ್ರಕೋಶದೊಳಗಿನ ಒತ್ತಡವನ್ನು ಅಳೆಯುವುದು. ಎಲ್ಲರಿಗೂ ಇದು ಬೇಕಿಲ್ಲ. ಸ್ಪಷ್ಟವಾದ, ಬರೀ ಕೆಮ್ಮಿನ ಸೋರಿಕೆ ಇರುವವರಲ್ಲಿ ಈ ಪರೀಕ್ಷೆ ಮಾಡಿಸಿಯೇ ಆಪರೇಷನ್ ಮಾಡಿದರೂ, ಮಾಡಿಸದೆ ಮಾಡಿದರೂ ಫಲಿತಾಂಶ ಸರಿಸುಮಾರು ಒಂದೇ ಎಂದು 2012ರಲ್ಲಿ ಅಮೆರಿಕದ 630 ಹೆಂಗಸರ ಅಧ್ಯಯನ ತೋರಿಸಿತು. ಎರಡೂ ಬಗೆಯ ಸೋರಿಕೆ ಇದ್ದರೆ, ಮೊದಲೊಮ್ಮೆ ಆಪರೇಷನ್ ಆಗಿದ್ದರೆ, ಮೂತ್ರ ಪೂರ್ತಿ ಖಾಲಿಯಾಗದಿದ್ದರೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ.

ಈಗ ತೂಕದ ಮಾತು. ಅಮೆರಿಕದಲ್ಲಿ ಪ್ರೈಡ್ ಎಂಬ ಹೆಸರಿನಲ್ಲಿ ನಡೆದ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ವಾರಕ್ಕೆ ಕನಿಷ್ಠ ಹತ್ತು ಸಲ ಸೋರುತ್ತಿದ್ದ, ತೂಕ ಹೆಚ್ಚಿದ್ದ 338 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರು ತಿಂಗಳು ಊಟ, ವ್ಯಾಯಾಮದ ಕಟ್ಟುನಿಟ್ಟಾದ ತರಬೇತಿ, ಇನ್ನೊಂದಕ್ಕೆ ಬರೀ ತಿಳಿವಳಿಕೆಯ ಪಾಠ. ಮೊದಲ ಗುಂಪಿನ ತೂಕ ಸರಾಸರಿ ನೂರಕ್ಕೆ 8ರಷ್ಟು ಇಳಿಯಿತು, ಸೋರಿಕೆ ನೂರಕ್ಕೆ 47ರಷ್ಟು ಕಡಿಮೆಯಾಯಿತು. ಎರಡನೆಯ ಗುಂಪಿನಲ್ಲಿ ಸೋರಿಕೆ 28ರಷ್ಟು ಕಡಿಮೆಯಾಗಿತ್ತು. ಗಮನಿಸಿ, ಇವರು ಯಾರೂ ತೆಳ್ಳಗಾಗಲಿಲ್ಲ. 90 ಕಿಲೋ ಇರುವವರಿಗೆ 8 ಪ್ರತಿಶತ ಎಂದರೆ ಏಳು ಕಿಲೋ, ಅಷ್ಟೇ. "ನಲವತ್ತು ಕಿಲೋ ಇಳಿಸಬೇಕಂತೆ, ನನ್ನ ಕೈಲಾಗಲ್ಲ" ಎಂದು ಕೈಚೆಲ್ಲುವವರು ಈ ಏಳು ಕಿಲೋವನ್ನು ನೆನಪಿಡಿ.

ಇದರ ಜೊತೆಗೇ ಕೆಗೆಲ್ ವ್ಯಾಯಾಮ. ಅಪಾನವಾಯು ತಡೆಯುವಾಗ ಬಿಗಿಯಾಗುವ ಸ್ನಾಯುವನ್ನು ಬೇಕೆಂದೇ ಬಿಗಿ ಹಿಡಿದು ಸಡಿಲ ಬಿಡುವುದು. ಒಂದು ಸಲಕ್ಕೆ ಎಂಟು ಬಾರಿಯಾದರೂ, ದಿನಕ್ಕೆ ಮೂರು ಸಲ, ಮೂರು ತಿಂಗಳು. ಹೊಟ್ಟೆ, ತೊಡೆ, ಪೃಷ್ಠ ಬಿಗಿಯಬಾರದು, ಉಸಿರು ಕಟ್ಟಬಾರದು. ತಪ್ಪಾಗಿ ಮಾಡುವವರೇ ಹೆಚ್ಚು, ಆದ್ದರಿಂದ ಒಮ್ಮೆ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಯಿರಿ. ಮೂರು ತಿಂಗಳು ಸರಿಯಾಗಿ ಮಾಡಿಯೂ ಸೋರಿಕೆ ಬದುಕಿಗೆ ಅಡ್ಡಿಯಾಗಿಯೇ ಉಳಿದರೆ ಆಗ ಆಪರೇಷನ್ ವಿಚಾರ. ಇನ್ನೂ ಮಕ್ಕಳು ಬೇಕು ಎನ್ನುವವರು ಸಾಮಾನ್ಯವಾಗಿ ಹೆರಿಗೆಗಳು ಮುಗಿಯುವ ತನಕ ತಡೆಯುವುದು ಮೇಲು.

ಇಂದು ಹೆಚ್ಚು ಬಳಕೆಯಲ್ಲಿರುವ ಆಪರೇಷನ್ನಿಗೆ ಮಿಡ್‌ಯುರೆಥ್ರಲ್ ಸ್ಲಿಂಗ್ ಎಂದು ಹೆಸರು. ಸ್ವೀಡನ್ನಿನ ಉಪ್ಸಾಲಾದ ಉಲ್ಫ್ ಉಲ್ಮ್‌ಸ್ಟೆನ್ ತಂಡ 1996ರಲ್ಲಿ ಇದನ್ನು ಪ್ರಕಟಿಸಿತು. ಕೇಳಲು ಸರಳ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ದಾರದಿಂದ ಹೆಣೆದ, ಒಂದು ಸೆಂಟಿಮೀಟರ್‌ನಷ್ಟು ಅಗಲದ ಜಾಲರಿ ಟೇಪ್. ಯೋನಿಯ ಮುಂಗೋಡೆಯಲ್ಲಿ ಒಂದು ಚಿಕ್ಕ ಕುಯ್ತ ಮಾಡಿ ಮೂತ್ರ ನಾಳದ ನಡುಭಾಗದ ಅಡಿಯಲ್ಲಿ ಟೇಪನ್ನು ಕೂರಿಸುತ್ತಾರೆ. ಬಿಗಿಯಾಗಿ ಕಟ್ಟುವುದಿಲ್ಲ, ಸಡಿಲವಾಗಿ ಬಿಡುತ್ತಾರೆ. ದಿನಕಳೆದಂತೆ ಮೈಯ ಅಂಗಾಂಶ ಜಾಲರಿಯ ಕಣ್ಣುಗಳಲ್ಲಿ ಬೆಳೆದು ಅದನ್ನು ಹಿಡಿದುಕೊಳ್ಳುತ್ತದೆ. ಸುಮ್ಮನಿದ್ದಾಗ ಟೇಪ್ ಏನೂ ಮಾಡುವುದಿಲ್ಲ. ಕೆಮ್ಮಿದಾಗ ಮಾತ್ರ ನಾಳಕ್ಕೆ ಗಟ್ಟಿಯಾದ ಆಸರೆ ಸಿಗುತ್ತದೆ. ಅರ್ಧ ಗಂಟೆಯ ಆಸುಪಾಸಿನ ಕೆಲಸ. ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿ ಮಾಡುತ್ತಾರೆ.

ಟೇಪಿನ ತುದಿಗಳು ಯಾವ ದಾರಿಯಲ್ಲಿ ಹೋಗುತ್ತವೆ ಎಂಬುದರ ಮೇಲೆ ಎರಡು ವಿಧ. ಕಿಬ್ಬೊಟ್ಟೆಯ ಮುಂದಿನ ಮೂಳೆಯ ಹಿಂದಿನಿಂದ ಮೇಲಕ್ಕೆ ತಂದರೆ ಟಿವಿಟಿ. ತೊಡೆಸಂದಿನ ಕಡೆಗೆ ತಂದರೆ ಟಿಒಟಿ. ಇದು 2001ರಲ್ಲಿ ಫ್ರಾನ್ಸಿನಲ್ಲಿ ಶುರುವಾಯಿತು. ಎರಡನ್ನೂ ಹೋಲಿಸಿದ 2010ರ ಅಮೆರಿಕದ ಅಧ್ಯಯನದಲ್ಲಿ ಒಂದು ವರ್ಷದ ನಂತರ ಪರೀಕ್ಷೆಗಳಲ್ಲಿ ಗೆದ್ದವರು ಟಿವಿಟಿ ದಾರಿಯಲ್ಲಿ ನೂರಕ್ಕೆ 81, ಟಿಒಟಿ ದಾರಿಯಲ್ಲಿ 78. ವ್ಯತ್ಯಾಸ ಅಷ್ಟೇ. ಟಿವಿಟಿಯಲ್ಲಿ ಸೂಜಿ ಮೂತ್ರಕೋಶಕ್ಕೆ ತಾಗುವ ಸಂಭವ ಸ್ವಲ್ಪ ಹೆಚ್ಚು, ಹಾಗಾಗಿ ಆಪರೇಷನ್ ಟೇಬಲ್ ಮೇಲೆಯೇ ದುರ್ಬೀನು ಹಾಕಿ ನೋಡಿಬಿಡುತ್ತಾರೆ. ಟಿಒಟಿಯಲ್ಲಿ ತೊಡೆಸಂದಿನ ನೋವು ಹೆಚ್ಚು.

ದಪ್ಪ ಇರುವವರಿಗೆ ಇದು ಕೆಲಸ ಮಾಡುತ್ತದೆಯೇ? ಮಾಡುತ್ತದೆ. ತೆಳ್ಳಗಿನವರಿಗೆ ಹೋಲಿಸಿದರೆ ಸೋರಿಕೆ ಪೂರ್ತಿ ನಿಲ್ಲುವವರ ಪ್ರಮಾಣ ಸ್ವಲ್ಪ ಕಡಿಮೆ, ಆದರೂ ಬಹುಪಾಲು ಜನರಿಗೆ ಗಣನೀಯ ಸುಧಾರಣೆ ಆಗುತ್ತದೆ. ಆಪರೇಷನ್ ವೇಳೆಯ ತೊಡಕುಗಳು ಅನೇಕರು ಹೆದರುವಷ್ಟು ಹೆಚ್ಚಿಲ್ಲ. ಗಾಯ ಚಿಕ್ಕದಾದದ್ದು ಇಲ್ಲಿ ಅನುಕೂಲಕ್ಕೆ ಬರುತ್ತದೆ. ಆದರೆ ಕೆಮ್ಮಿನ ಸೋರಿಕೆ ನಿಂತ ಮೇಲೂ ಅವಸರದ ಸೋರಿಕೆ ಉಳಿಯುವ ಅಥವಾ ಹೊಸದಾಗಿ ಬರುವ ಸಾಧ್ಯತೆ ತೂಕ ಹೆಚ್ಚಿದ್ದವರಲ್ಲಿ ಹೆಚ್ಚು. ಇದನ್ನು ಮೊದಲೇ ತಿಳಿದುಕೊಂಡಿದ್ದರೆ ಆಮೇಲೆ "ಆಪರೇಷನ್ ಕೆಟ್ಟಿತು" ಎಂಬ ಬೇಸರವಿರುವುದಿಲ್ಲ.

ಜಾಲರಿ ಎಂದೊಡನೆ ಕೆಲವರು ಇಂಟರ್ನೆಟ್ಟಿನಲ್ಲಿ ಓದಿ ಗಾಬರಿಯಾಗುತ್ತಾರೆ. ಗಾಬರಿಗೆ ಕಾರಣವಿದೆ. ಬ್ರಿಟನ್ನಿನಲ್ಲಿ ನೂರಾರು ಹೆಂಗಸರ ದೂರುಗಳ ನಂತರ 2018ರಲ್ಲಿ ಸೋರಿಕೆಗೆ ಜಾಲರಿ ಟೇಪ್ ಹಾಕುವುದನ್ನು ತಡೆಹಿಡಿದರು. ಅಮೆರಿಕದಲ್ಲಿ 2019ರಲ್ಲಿ ಮಾರಾಟ ನಿಲ್ಲಿಸಿದ್ದು ಗರ್ಭಕೋಶ ಜಾರಿದ್ದಕ್ಕೆ ಯೋನಿಯ ಮೂಲಕ ಹಾಕುವ ದೊಡ್ಡ ಜಾಲರಿಗಳನ್ನು. ಸೋರಿಕೆಯ ಟೇಪ್ ಅಲ್ಲಿ ಬಳಕೆಯಲ್ಲಿದೆ. ಟೇಪ್ ಹಾಕಿಸಿಕೊಂಡವರಲ್ಲಿ ನೂರಕ್ಕೆ ಕೆಲವರಿಗೆ ಅದು ಯೋನಿಯ ಗೋಡೆಯಿಂದ ಹೊರಗೆ ಇಣುಕುವುದು, ಕೆಲವರಿಗೆ ಉಳಿದುಬಿಡುವ ನೋವು ಇವೆ, ಪೂರ್ತಿ ತೆಗೆಯುವುದು ಕಷ್ಟ. ಇನ್ನೊಂದು ಮಗ್ಗುಲಲ್ಲಿ, ಮೊದಲ ಕಾಲದ ಟಿವಿಟಿಯವರನ್ನು ಹದಿನೇಳು ವರ್ಷದ ನಂತರ ಪರೀಕ್ಷಿಸಿದಾಗ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಕೆಮ್ಮಿದರೂ ಸೋರಲಿಲ್ಲ. ಎರಡನ್ನೂ ತೂಗಿ ನೋಡಿ ನಿರ್ಧರಿಸಬೇಕಾದವರು ನೀವು.

ಪ್ಲಾಸ್ಟಿಕ್ ಬೇಡ ಎನ್ನುವವರಿಗೆ ಬೇರೆ ದಾರಿಗಳಿವೆ. ನಿಮ್ಮದೇ ಹೊಟ್ಟೆಯ ಸ್ನಾಯುವಿನ ಮೇಲಿನ ಗಟ್ಟಿ ಪದರದಿಂದ ಒಂದು ಪಟ್ಟಿ ಕತ್ತರಿಸಿ ಅದನ್ನೇ ಆಸರೆಯಾಗಿ ಕಟ್ಟುವುದು ಫೇಶಿಯಲ್ ಸ್ಲಿಂಗ್. ಯೋನಿಯ ಪಕ್ಕದ ಅಂಗಾಂಶವನ್ನು ಮೂಳೆಯ ಹಿಂದಿನ ಗಟ್ಟಿ ಪಟ್ಟಿಗೆ ಹೊಲಿಯುವುದು ಬರ್ಚ್ ಆಪರೇಷನ್, 1961ರದ್ದು. ಎರಡೂ ಪಳಗಿದ ವಿಧಾನಗಳೇ. ಆದರೆ ಹೊಟ್ಟೆಯ ಮೇಲೆ ಕುಯ್ತ ಬೇಕು. ದಪ್ಪ ಹೊಟ್ಟೆಯಲ್ಲಿ ಆ ಗಾಯ ಕೀವಾಗುವುದು, ಆಮೇಲೆ ಹರ್ನಿಯಾ ಆಗುವುದು ಹೆಚ್ಚು. ಬರ್ಚ್ ಅನ್ನು ಲ್ಯಾಪ್ರೊಸ್ಕೋಪಿಯಲ್ಲಿ ಮಾಡಬಹುದು, ಆದರೆ ಹೊಟ್ಟೆಗೆ ಗಾಳಿ ತುಂಬಿ ತಲೆ ಕೆಳಗಾಗಿಸಿ ಮಲಗಿಸಬೇಕಾದ್ದರಿಂದ ಭಾರದ ಮೈಯವರ ಉಸಿರಾಟಕ್ಕೆ ಅದು ಕಷ್ಟ. ತೀರಾ ಅಪಾಯವಿರುವವರಿಗೆ ನಾಳದ ಸುತ್ತ ಜೆಲ್ ಇಂಜೆಕ್ಷನ್ ಕೊಡುವ ವಿಧಾನವಿದೆ. ಸುಲಭ, ಆದರೆ ಗುಣ ಕಡಿಮೆ, ಮತ್ತೆ ಮತ್ತೆ ಬೇಕಾಗಬಹುದು. ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ ನಂತರದ ಸೋರಿಕೆಯ ಲೆಕ್ಕವೇ ಬೇರೆ. ಅವರಿಗೆ ಕೃತಕ ಕವಾಟದಂಥ ಸಾಧನಗಳಿವೆ.

ಇನ್ನು ಬೇರಿಯಾಟ್ರಿಕ್, ಅಂದರೆ ಜಠರ ಚಿಕ್ಕದು ಮಾಡಿ ತೂಕ ಇಳಿಸುವ ಆಪರೇಷನ್. ಬಿಎಂಐ ಬಹಳ ಹೆಚ್ಚಿದ್ದು, ಸಕ್ಕರೆ ಕಾಯಿಲೆ, ಮಂಡಿನೋವು, ಗೊರಕೆ ಎಲ್ಲ ಸೇರಿಕೊಂಡಿದ್ದರೆ ಇದನ್ನೇ ಮೊದಲು ಯೋಚಿಸಬೇಕು. ಅಮೆರಿಕದಲ್ಲಿ ಸುಮಾರು ಎರಡು ಸಾವಿರ ಜನರನ್ನು ಹಿಂಬಾಲಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಆಪರೇಷನ್ನಿಗೆ ಮುಂಚೆ ಹೆಂಗಸರಲ್ಲಿ ನೂರಕ್ಕೆ 49 ಮಂದಿಗೆ ಮೂತ್ರ ಸೋರುತ್ತಿತ್ತು. ಒಂದು ವರ್ಷದಲ್ಲಿ ಅದು 18ಕ್ಕೆ ಇಳಿಯಿತು. ಮೂರನೆಯ ವರ್ಷಕ್ಕೆ ಮತ್ತೆ 25ರ ಹತ್ತಿರ ಬಂತು. ಅಂದರೆ ಮೂತ್ರಕ್ಕೆಂದು ಏನೂ ಮಾಡದೆಯೇ ಅರ್ಧದಷ್ಟು ಜನರ ತೊಂದರೆ ಹೋಯಿತು. ಆದ್ದರಿಂದ ಬೇರಿಯಾಟ್ರಿಕ್ ಮಾಡಿಸಿಕೊಳ್ಳುವುದು ಖಚಿತವಾದವರು ಟೇಪಿಗೆ ಅವಸರ ಮಾಡಬೇಡಿ. ತೂಕ ಒಂದು ಹಂತಕ್ಕೆ ನಿಲ್ಲಲಿ, ಆಗಲೂ ಸೋರುತ್ತಿದ್ದರೆ ಟೇಪ್. ಹಾಗೆಂದು ಬರೀ ಮೂತ್ರ ಸೋರುತ್ತದೆ ಎಂಬ ಒಂದೇ ಕಾರಣಕ್ಕೆ ಜಠರ ಕತ್ತರಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅದರ ನಂತರ ಜೀವನಪೂರ್ತಿ ವಿಟಮಿನ್ ಮಾತ್ರೆ, ರಕ್ತಪರೀಕ್ಷೆ ಬಿಡುವಂತಿಲ್ಲ.

ಟೇಪ್ ಆಪರೇಷನ್ ಗೊತ್ತಾದ ಮೇಲೆ ಅರಿವಳಿಕೆ ವೈದ್ಯರಿಗೆ ಮೂರು ಸಂಗತಿ ಮುಚ್ಚಿಡಬೇಡಿ. ರಾತ್ರಿ ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುತ್ತದೆಯೇ? ಅದು ಸ್ಲೀಪ್ ಆಪ್ನಿಯಾ ಇರಬಹುದು. ಮನೆಯವರನ್ನು ಕೇಳಿ, ನಿಮಗೆ ಗೊತ್ತಿರುವುದಿಲ್ಲ. ಹಿಂದೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿತ್ತೇ? ತೂಕ ಇಳಿಸಲು ಸೆಮಾಗ್ಲುಟೈಡ್ ಅಥವಾ ಟಿರ್ಜೆಪಟೈಡ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೀರಾ? ಇವು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ, ಉಪವಾಸವಿದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದಿರಬಹುದು.

ಆಪರೇಷನ್ ಆದ ದಿನ ಅಥವಾ ಮರುದಿನ ಮೂತ್ರದ ನಳಿಕೆ ತೆಗೆದು, ನೀವಾಗಿಯೇ ಮೂತ್ರ ಮಾಡುತ್ತೀರಾ, ಎಷ್ಟು ಉಳಿಯುತ್ತದೆ ಎಂದು ನೋಡಿ ಮನೆಗೆ ಕಳಿಸುತ್ತಾರೆ. ಕೆಲವರಿಗೆ ಮೂತ್ರ ಕಟ್ಟಿ ಮತ್ತೆ ಕೆಲವು ದಿನ ನಳಿಕೆ ಬೇಕಾಗುತ್ತದೆ. ಮನೆಯಲ್ಲಿ ನಡೆದಾಡಬಹುದು, ಹಗುರ ಕೆಲಸ ಮಾಡಬಹುದು. ಸುಮಾರು ಆರು ವಾರ ಬಕೆಟ್, ಸಿಲಿಂಡರ್, ಮೊಮ್ಮಗು ಯಾವುದನ್ನೂ ಎತ್ತಬಾರದು, ಗಂಡ-ಹೆಂಡಿರ ಸಂಪರ್ಕವೂ ಬೇಡ. ಜ್ವರ, ದುರ್ವಾಸನೆಯ ಬಿಳಿಸ್ರಾವ, ಮೂತ್ರ ಬಾರದಿರುವುದು, ಕಾಲು ಒಂದೇ ಕಡೆ ಊದಿ ನೋಯುವುದು ಕಂಡರೆ ಕಾಯದೆ ಹೋಗಿ.

ಖರ್ಚು ಎಷ್ಟು ಎಂಬುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬಹಳ ಬೇರೆ. ಬಿಲ್ಲಿನ ದೊಡ್ಡ ಭಾಗ ಟೇಪ್ ಕಿಟ್‌ನದು, ಅದರ ಬೆಲೆ ಕಂಪನಿಯ ಮೇಲೆ ಹೋಗುತ್ತದೆ. ಅಂದಾಜು ಬರೆಸಿಕೊಳ್ಳುವಾಗ ಕಿಟ್ ಬೆಲೆಯನ್ನು ಬೇರೆಯಾಗಿ ತೋರಿಸಲು ಹೇಳಿ, ಆಮೇಲೆ ಅದರ ಸ್ಟಿಕ್ಕರ್ ನಿಮ್ಮ ಫೈಲಿನಲ್ಲಿ ಇರುವಂತೆ ನೋಡಿಕೊಳ್ಳಿ. ಬೇರಿಯಾಟ್ರಿಕ್ ಖಾಸಗಿಯಲ್ಲಿ ಕೆಲವು ಲಕ್ಷಗಳ ಮಾತು. ಆರೋಗ್ಯ ವಿಮೆ ಇದ್ದವರು ಒಂದು ಷರತ್ತನ್ನು ಗಮನಿಸಬೇಕು. ವಿಮಾ ನಿಯಂತ್ರಕರು ನಿಗದಿ ಮಾಡಿದ ಪಾಲಿಸಿ ಭಾಷೆಯ ಪ್ರಕಾರ ತೂಕ ಇಳಿಸುವ ಆಪರೇಷನ್ನಿಗೆ ಹಣ ಸಿಗುವುದು ಬಿಎಂಐ 40 ಅಥವಾ ಹೆಚ್ಚಿದ್ದರೆ, ಇಲ್ಲವೇ 35 ಅಥವಾ ಹೆಚ್ಚಿದ್ದು ಜೊತೆಗೆ ಹೃದ್ರೋಗ, ತೀವ್ರ ಸ್ಲೀಪ್ ಆಪ್ನಿಯಾ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥದ್ದು ಇದ್ದರೆ. ಆ ಪಟ್ಟಿಯಲ್ಲಿ ಮೂತ್ರ ಸೋರಿಕೆ ಇಲ್ಲ. ಟೇಪ್ ಆಪರೇಷನ್ನಿಗೂ ಪಾಲಿಸಿಯ ಕಾಯುವ ಅವಧಿ ಅನ್ವಯವಾಗಬಹುದು, ಮೊದಲೇ ಕೇಳಿ.

ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ನೂರಕ್ಕೆ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ನಿಮಗೆ ಹೇಳಿರುವ ಆಪರೇಷನ್ ಯಾವ ಪ್ಯಾಕೇಜಿನಲ್ಲಿ ಬರುತ್ತದೆ, ಟೇಪ್ ಕಿಟ್ ಅದರಲ್ಲಿ ಸೇರಿದೆಯೇ ಎಂದು ಸರ್ಕಾರಿ ಆಸ್ಪತ್ರೆಯ ಆರೋಗ್ಯಮಿತ್ರರ ಕೌಂಟರಿನಲ್ಲಿ ಕೇಳಿ. ಶಿಫಾರಸು ಪತ್ರ ಬೇಕಾದರೂ ಅಲ್ಲಿಂದಲೇ ಶುರು ಮಾಡಬೇಕು.

ತೋರಿಸಬೇಕಾದದ್ದು ಸ್ತ್ರೀರೋಗ ತಜ್ಞರಿಗೆ ಅಥವಾ ಯೂರಾಲಜಿಸ್ಟ್‌ಗೆ. ಇವೆರಡನ್ನೂ ಸೇರಿಸಿ ಓದಿದವರು ಯೂರೋಗೈನಕಾಲಜಿಸ್ಟ್, ಅವರು ದೊಡ್ಡ ಊರುಗಳಲ್ಲಿ ಸಿಗುತ್ತಾರೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದ ನೆಫ್ರೋ ಯೂರಾಲಜಿ ಸಂಸ್ಥೆ, ಪಕ್ಕದ ವಾಣಿ ವಿಲಾಸ ಆಸ್ಪತ್ರೆ ಸರ್ಕಾರದವು. ಬೇರೆ ಜಿಲ್ಲೆಗಳವರು ಮೊದಲು ಹತ್ತಿರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ. ಯಾರ ಹತ್ತಿರ ಹೋದರೂ, ಈ ಆಪರೇಷನ್ ನೀವು ಪದೇ ಪದೇ ಮಾಡುತ್ತೀರಾ, ನನ್ನಷ್ಟು ತೂಕದವರಿಗೆ ಮಾಡಿದ್ದೀರಾ ಎಂದು ಕೇಳುವುದರಲ್ಲಿ ತಪ್ಪಿಲ್ಲ. ತೂಕ ಇಳಿಸಿ ಬನ್ನಿ ಎಂದರೆ ಎಷ್ಟು ಕಿಲೋ, ಯಾವ ತಾರೀಖಿಗೆ ಮತ್ತೆ ಬರಲಿ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಮತ್ತೆ ಆ ದಿನ ಮನೆಯಿಂದ ಹೊರಡುವಾಗ ಸೋರೀತೆಂದು ಹೆದರಿ ಬಾಯಾರಿ ಹೋಗಬೇಡಿ. ಪ್ಯಾಡ್ ಹಾಕಿಕೊಳ್ಳಿ, ನೀರು ಕುಡಿದುಕೊಂಡೇ ಹೋಗಿ. ಮೂತ್ರಕೋಶದಲ್ಲಿ ಮೂತ್ರವಿದ್ದರೆ ಮಾತ್ರ ಕೆಮ್ಮಿನ ಪರೀಕ್ಷೆಯಲ್ಲಿ ಏನಾದರೂ ತಿಳಿಯುವುದು.